ಡಿಗ್ರಿ ಮುಗಿಯಿತು, ಮುಂದೇನು? ಮೊದಲು ತಿಂಗಳ ಲೆಕ್ಕ ಹಾಕಿ

ರಿಸಲ್ಟ್ ಬಂದ ವಾರ ಮನೆಗೆ ಬಂದವರೆಲ್ಲ ಪೇಡಾ ತಿಂದು ಬೆನ್ನು ತಟ್ಟಿ ಹೋಗುತ್ತಾರೆ. ಎರಡು ತಿಂಗಳು ಕಳೆಯಲಿ, ಅದೇ ಜನ ಯಾವುದೋ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು ‘ಮತ್ತೆ, ಮುಂದೇನಪ್ಪಾ?’ ಎಂದು ಶುರು ಮಾಡುತ್ತಾರೆ. ಹುಡುಗ ‘ಓದ್ಕೋತಿದೀನಿ ಅಂಕಲ್’ ಅನ್ನುತ್ತಾನೆ. ಏನು ಓದುತ್ತಿದ್ದಾನೆ, ಯಾವುದಕ್ಕೆ ಓದುತ್ತಿದ್ದಾನೆ ಎಂದು ಅಂಕಲ್ ಇನ್ನೊಂದು ಪ್ರಶ್ನೆ ಕೇಳಿದರೆ ಮುಗಿಯಿತು, ಸಾಂಬಾರ್ ಬಡಿಸುವವನು ಬಂದು ಕಾಪಾಡಬೇಕು.

ನಾನು ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಮಾಡುವವನು. ಪ್ಲೇಸ್‌ಮೆಂಟ್ ಸೆಲ್ ಕೂಡ ನನ್ನ ತಲೆಗೇ ಕಟ್ಟಿದೆ. ಸೆಲ್ ಅಂದರೆ ಒಂದು ಬೀರು, ಎರಡು ಕುರ್ಚಿ, ಒಂದು ಕಾಲಿಗೆ ರಟ್ಟು ಮಡಚಿಟ್ಟ ಮೇಜು. ಆ ಮೇಜಿನ ಎದುರು ಕೂತು ‘ಸಾರ್, ಏನ್ ಮಾಡ್ಲಿ ಗೊತ್ತಾಗ್ತಿಲ್ಲ’ ಅಂದ ಬಿಎ, ಬಿಕಾಂ, ಬಿಎಸ್ಸಿ ಮಕ್ಕಳನ್ನು ವರ್ಷಗಟ್ಟಲೆ ನೋಡಿದ್ದೇನೆ. ಮೊದಮೊದಲು ನಾನೂ ಎಲ್ಲರಂತೆ ‘ನಿನಗೇನು ಇಷ್ಟ?’ ಎಂದೇ ಕೇಳುತ್ತಿದ್ದೆ. ಅವರು ಕಾಲ್ಬೆರಳು ನೋಡುತ್ತಿದ್ದರು. ಈಗ ಬೇರೆ ಪ್ರಶ್ನೆ ಕೇಳುತ್ತೇನೆ: ‘ಮನೆಯಲ್ಲಿ ಇನ್ನೆಷ್ಟು ತಿಂಗಳು ದುಡ್ಡು ಕೇಳಬಹುದು?’ ಇದಕ್ಕೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಕೆಳಗಿನದೆಲ್ಲ ಆ ಉತ್ತರದಿಂದ ಶುರುವಾಗುತ್ತದೆ.

ಹೆಜ್ಜೆ 1: ಮನೆ ಎಷ್ಟು ತಿಂಗಳು ತಡೆಯುತ್ತದೆ?

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅಪ್ಪ ಅಮ್ಮನ ಜೊತೆ ಒಂದು ಸಂಜೆ ಕೂತು ನಾಲ್ಕು ವಿಷಯ ಬರೆಯಿರಿ: ಮನೆಗೆ ತಿಂಗಳಿಗೆ ಬರುವ ದುಡ್ಡು, ಕಟ್ಟಬೇಕಾದ ಕಂತುಗಳು (ಸಂಘದ ಸಾಲ, ಬೆಳೆ ಸಾಲ, ಚಿನ್ನದ ಸಾಲ ಎಲ್ಲ ಸೇರಿ), ಮುಂದಿನ ಎರಡು ವರ್ಷದಲ್ಲಿ ಬರುವ ದೊಡ್ಡ ಖರ್ಚು (ತಂಗಿಯ ಫೀಸು, ಅಕ್ಕನ ಮದುವೆ, ಬೋರ್‌ವೆಲ್), ಮತ್ತು ನಿಮ್ಮೊಬ್ಬರ ತಿಂಗಳ ಖರ್ಚು. ಶಿಕ್ಷಣ ಸಾಲ ಇದ್ದರೆ ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಸಾಮಾನ್ಯವಾಗಿ ಕೋರ್ಸ್ ಮುಗಿದ ಒಂದು ವರ್ಷಕ್ಕೆ ಕಂತು ಶುರುವಾಗುತ್ತದೆ, ಬಡ್ಡಿ ಮಾತ್ರ ಅಷ್ಟರೊಳಗೆ ಸುಮ್ಮನೆ ಕೂತಿರುವುದಿಲ್ಲ.

ಕೊನೆಗೆ ಒಂದು ಸಂಖ್ಯೆ ಸಿಗಬೇಕು. ಮೂರು ತಿಂಗಳು, ಒಂದು ವರ್ಷ, ಮೂರು ವರ್ಷ, ಎಷ್ಟಾದರೂ ಸರಿ, ನಾಚಿಕೆ ಬೇಡ. ನಾನು ಕಂಡ ಹಾಗೆ ‘ಗೊಂದಲ’ ಎಂದು ಬಂದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಇದ್ದದ್ದು ಗೊಂದಲವೇ ಅಲ್ಲ. ಮೂರು ತಿಂಗಳ ಮನೆಯಲ್ಲಿ ಕೂತು ಮೂರು ವರ್ಷದ ಕನಸು ಕಾಣುತ್ತಿದ್ದರು, ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಆಗುತ್ತಿರಲಿಲ್ಲ, ಅಷ್ಟೆ.

ಹೆಜ್ಜೆ 2: ದಾರಿಗಳನ್ನು ಮೊದಲ ಸಂಬಳದ ದೂರಕ್ಕೆ ತಕ್ಕಂತೆ ಜೋಡಿಸಿ

ಪುಟವನ್ನು ಮೂರು ಭಾಗ ಮಾಡಿ.

ಮೊದಲ ಭಾಗ, ಮೂರು-ನಾಲ್ಕು ತಿಂಗಳಲ್ಲಿ ದುಡ್ಡು ಕಾಣುವ ದಾರಿಗಳು: ಕಾಲ್ ಸೆಂಟರ್ ಮತ್ತು ಬ್ಯಾಕ್ ಆಫೀಸ್, ಆಡಿಟರ್ ಬಳಿ ಅಕೌಂಟ್ಸ್ ಸಹಾಯಕ, ಮೈಕ್ರೋ ಫೈನಾನ್ಸ್ ಮತ್ತು ಬ್ಯಾಂಕ್ ಸೇಲ್ಸ್, ಖಾಸಗಿ ಶಾಲೆ. ಇದೇ ಭಾಗದಲ್ಲಿ ನಮ್ಮ ಮಕ್ಕಳಿಗೆ ಹೆಚ್ಚು ಗೊತ್ತೇ ಇಲ್ಲದ ಒಂದು ಬಾಗಿಲಿದೆ, ಅಪ್ರೆಂಟಿಸ್‌ಶಿಪ್, ಅಂದರೆ ಸ್ಟೈಪೆಂಡ್ ಪಡೆಯುತ್ತಾ ಕೆಲಸ ಕಲಿಯುವುದು. ಐಟಿಐ ಹುಡುಗರಿಗೆ ಮಾತ್ರ ಎಂದು ತಿಳಿದವರೇ ಜಾಸ್ತಿ. ಕೇಂದ್ರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ಬಿಎ, ಬಿಕಾಂ, ಬಿಎಸ್ಸಿ ಆದವರೂ ನೋಂದಾಯಿಸಬಹುದು. 2019ರ ನಿಯಮದಲ್ಲಿ ಪದವೀಧರರಿಗೆ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ. ಸಂಬಳ ಅನ್ನಲಾಗದು, ನಿಜ. ಆದರೆ ಒಂದು ವರ್ಷ ಆಫೀಸು ಎಂಬುದು ಹೇಗೆ ನಡೆಯುತ್ತದೆ ಎಂದು ನೋಡಿ, ಕೈಯಲ್ಲಿ ಪ್ರಮಾಣಪತ್ರ ಹಿಡಿದು ಬರುತ್ತೀರಿ. ಎಚ್‌ಎಎಲ್, ಬಿಇಎಲ್‌ನಂಥ ಸಾರ್ವಜನಿಕ ವಲಯದ ಸಂಸ್ಥೆಗಳೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ಪದವಿ ಮುಗಿದು ವರ್ಷ ಸರಿದಷ್ಟೂ ಈ ಬಾಗಿಲು ಕಿರಿದಾಗುತ್ತದೆ, ಆದ್ದರಿಂದ ನೋಂದಣಿ ಇದೇ ವಾರ ಮಾಡಿ.

ಎರಡನೇ ಭಾಗ, ಒಂದರಿಂದ ಎರಡು ವರ್ಷ: ಬ್ಯಾಂಕ್ ಕ್ಲರ್ಕ್ ಮತ್ತು ಪಿಒ (ಪ್ರೊಬೇಷನರಿ ಆಫೀಸರ್), ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಪರೀಕ್ಷೆ), ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಎಂಬಿಎ ಅಥವಾ ಎಂಸಿಎ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 28, ‘ಆಮೇಲೆ ನೋಡೋಣ’ ಎಂದು ಮುಂದೂಡುವ ಪರೀಕ್ಷೆ ಇದಲ್ಲ. ಸ್ವಂತ ಕೆಲಸದ ಮನಸ್ಸಿದ್ದರೆ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ನೆನಪಿರಲಿ. 1982ರಲ್ಲಿ ಉಜಿರೆಯಲ್ಲಿ ಶುರುವಾಗಿ ದೇಶಕ್ಕೇ ಮಾದರಿಯಾದ ಸಂಸ್ಥೆ ಅದು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಅದೇ ಮಾದರಿಯ ಆರ್‌ಸೆಟಿಗಳು ಈಗ ಜಿಲ್ಲೆ ಜಿಲ್ಲೆಯಲ್ಲಿವೆ.

ಮೂರನೇ ಭಾಗ, ಮೂರು ವರ್ಷ ಮತ್ತು ಮೇಲೆ: ಕೆಎಎಸ್, ಯುಪಿಎಸ್‌ಸಿ, ಮೂರು ವರ್ಷದ ಎಲ್‌ಎಲ್‌ಬಿ ಮತ್ತು ಆಮೇಲೆ ಸೀನಿಯರ್ ಬಳಿ ಕಳೆಯುವ ಕಾಲ, ಸಿಎ, ಎಂಎ ಅಥವಾ ಎಂಎಸ್ಸಿ ಮಾಡಿ ನೆಟ್, ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ದಾಟಿ ಕಾಲೇಜು ಮೇಷ್ಟ್ರಾಗುವುದು.

ಬಿ.ಎಡ್ ಎಲ್ಲಿ ಬರುತ್ತದೆ? ಎಲ್ಲರೂ ಎರಡನೇ ಭಾಗದಲ್ಲಿ ಬರೆಯುತ್ತಾರೆ, ನಾನು ಹೊಡೆದು ಮೂರನೆಯದಕ್ಕೆ ಹಾಕಿಸುತ್ತೇನೆ. 2015ರಿಂದ ಅದು ಎರಡು ವರ್ಷದ ಕೋರ್ಸು. ಆಮೇಲೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ), ಆಮೇಲೆ ಸರ್ಕಾರ ನೇಮಕಾತಿ ಕರೆಯುವವರೆಗೆ ಕಾಯುವುದು. ನಡುವೆ ಖಾಸಗಿ ಶಾಲೆ ಕೊಡುವ ಸಂಬಳದಲ್ಲಿ ಬದುಕಬೇಕು. ಪಾಠ ಮಾಡುವುದು ನಿಜಕ್ಕೂ ಇಷ್ಟವಿದ್ದವರಿಗೆ ಇದು ಒಳ್ಳೆಯ ದಾರಿ. ‘ಬೇರೇನೂ ತೋಚಲಿಲ್ಲ, ಬಿ.ಎಡ್ ಸೇರ್ಕೊಂಡೆ’ ಎನ್ನುವವರಿಗೆ ಇದು ಗೊಂದಲವನ್ನು ಎರಡು ವರ್ಷ ಮುಂದೂಡುವ ಬಲು ದುಬಾರಿ ಉಪಾಯ. ಅದೇ ಮಾತು ಎಂಎಗೂ ಸಲ್ಲುತ್ತದೆ.

ಈಗ ಹೆಜ್ಜೆ 1ರ ಸಂಖ್ಯೆಯನ್ನು ಈ ಪುಟದ ಪಕ್ಕ ಇಟ್ಟು ನೋಡಿ. ಮೂರು ತಿಂಗಳ ಮನೆಯಿಂದ ಮೂರನೇ ಭಾಗಕ್ಕೆ ನೇರ ದಾರಿ ಇಲ್ಲ, ಮೊದಲ ಭಾಗದ ಮೂಲಕ ಸುತ್ತಿ ಹೋಗಬೇಕು. ಸುತ್ತಿ ಹೋದವರೂ ಮುಟ್ಟಿದ್ದಾರೆ. ಬೆಳಗ್ಗೆ ಆಡಿಟರ್ ಆಫೀಸು, ಸಂಜೆ ಓದು ಎಂದುಕೊಂಡು ನಾಲ್ಕನೇ ವರ್ಷಕ್ಕೆ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಆದ ನನ್ನ ವಿದ್ಯಾರ್ಥಿನಿ ಈಗ ನನ್ನದೇ ಸಂಬಳದ ಬಿಲ್ಲಿಗೆ ತಕರಾರು ಹಾಕುವ ಕುರ್ಚಿಯಲ್ಲಿದ್ದಾಳೆ.

ಹೆಜ್ಜೆ 3: ಕಾಗದಪತ್ರ ಈಗಲೇ ಮಾಡಿಸಿ

ಇದು ಯಾರೂ ಹೇಳದ ಹೆಜ್ಜೆ, ಯಾಕೆಂದರೆ ಇದರಲ್ಲಿ ಸ್ಫೂರ್ತಿ ಏನೂ ಇಲ್ಲ. ಆದರೆ ಅಂಕ ಬಂದೂ ಹುದ್ದೆ ಕಳೆದುಕೊಂಡವರನ್ನು ನಾನು ನೋಡಿದ್ದು ಇಲ್ಲೇ.

ರಾಜ್ಯದ ನೇರ ನೇಮಕಾತಿಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೆ ನಿಗದಿತ ನಮೂನೆಯಲ್ಲೇ ಪ್ರಮಾಣಪತ್ರ ಬೇಕು. ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ಪ್ರಾಥಮಿಕ ಒಂದು ಊರಲ್ಲಿ, ಹೈಸ್ಕೂಲು ಇನ್ನೊಂದು ಊರಲ್ಲಿ ಆಗಿದ್ದರೆ ಎರಡೂ ಕಡೆ ಓಡಬೇಕು. ಆ ಶಾಲೆ ಈಗ ಮುಚ್ಚಿದ್ದರೆ ಬಿಇಒ ಕಚೇರಿಯಲ್ಲಿ ದಾಖಲೆ ಹುಡುಕಿಸಬೇಕು. ಸಾಮಾನ್ಯ ವರ್ಗದ ಗ್ರಾಮೀಣ ಅಭ್ಯರ್ಥಿಯಾದರೆ ಮೇಲುಸ್ತರಕ್ಕೆ (ಕೆನೆಪದರ) ಸೇರಿಲ್ಲ ಎಂಬ ತಹಶೀಲ್ದಾರರ ಪತ್ರವೂ ಬೇಕು. ಜಾತಿ ಮತ್ತು ಆದಾಯ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪತ್ರ ಉಪವಿಭಾಗಾಧಿಕಾರಿಯಿಂದ. ಆ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ‘ಸಿ’ ಹುದ್ದೆಗಳ ಶೇ 80 ಮೀಸಲು ಇರುವಾಗ ಈ ಒಂದು ಹಾಳೆಯ ಬೆಲೆ ಎಷ್ಟೆಂದು ನೀವೇ ಲೆಕ್ಕ ಹಾಕಿ.

ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದ ಪತ್ರವೇ ನಡೆಯುತ್ತದೆ. ಅಧಿಸೂಚನೆ ಬಂದ ಮೇಲೆ ಇಡೀ ತಾಲ್ಲೂಕು ಅದೇ ಕೌಂಟರಿಗೆ ನುಗ್ಗುತ್ತದೆ. ಹೆಸರಿನ ಇನಿಷಿಯಲ್ ಆಧಾರ್‌ನಲ್ಲಿ ಒಂದು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಇದ್ದರೆ ಅದನ್ನೂ ಈಗಲೇ ಸರಿಪಡಿಸಿ. ಎಸ್‌ಎಸ್‌ಎಲ್‌ಸಿಯದನ್ನೇ ಮೂಲವೆಂದು ಹಿಡಿದು ಉಳಿದದ್ದನ್ನು ಅದಕ್ಕೆ ಹೊಂದಿಸುವುದು ಸುಲಭ.

ಹೆಜ್ಜೆ 4: ದೂರದ ಬೆಟ್ಟವನ್ನು ಹತ್ತಿರ ಹೋಗಿ ನೋಡಿ

ನಿಮ್ಮ ಸಂಖ್ಯೆಗೆ ಒಗ್ಗುವ ದಾರಿಗಳಲ್ಲಿ ಮೂರನ್ನು ಆರಿಸಿ. ಒಂದೊಂದಕ್ಕೂ ಎರಡು ವಾರ ಕೊಡಿ. ಯೂಟ್ಯೂಬ್ ನೋಡುವುದು ಲೆಕ್ಕಕ್ಕಿಲ್ಲ. ಅಲ್ಲಿ ಕಾಣುವುದು ನುಣ್ಣಗಿನ ಬೆಟ್ಟವೇ.

ಲಾಯರ್ ಆಗಬೇಕೇ? ತಾಲ್ಲೂಕು ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಮೂರು ದಿನ ಕೂರಿ. ತೆರೆದ ನ್ಯಾಯಾಲಯದಲ್ಲಿ ಯಾರು ಬೇಕಾದರೂ ಕೂರಬಹುದು. ಸಿನಿಮಾದ ವಾದ ಅಲ್ಲಿ ಸಿಗುವುದಿಲ್ಲ. ‘ಮುಂದಿನ ದಿನಾಂಕ’ ಎಂಬ ಎರಡು ಪದಗಳ ಸುತ್ತ ನಡೆಯುವ ಕೆಲಸ, ಕಾರಿಡಾರಿನಲ್ಲಿ ಕಕ್ಷಿದಾರನಿಗೆ ಸಮಾಧಾನ ಹೇಳುವ ಕೆಲಸ, ಟೈಪಿಂಗ್ ಅಂಗಡಿಯ ಮುಂದೆ ಕಾಯುವ ಕೆಲಸ ಕಾಣುತ್ತದೆ. ಅದನ್ನು ನೋಡಿಯೂ ನಾಲ್ಕನೇ ದಿನ ಹೋಗಬೇಕು ಅನ್ನಿಸಿದರೆ ಎಲ್‌ಎಲ್‌ಬಿ ಅರ್ಜಿ ಹಾಕಿ.

ಅಕೌಂಟ್ಸ್ ಅಂದುಕೊಂಡಿದ್ದರೆ ಊರಿನ ತೆರಿಗೆ ಸಲಹೆಗಾರರ ಬಳಿ ಹೋಗಿ ‘ಸಂಬಳ ಬೇಡ, ಹದಿನೈದು ದಿನ ಕೂರ್ತೀನಿ’ ಎಂದು ಕೇಳಿ. ಹೋಗುವುದಾದರೆ ತಿಂಗಳ 7ರಿಂದ 20ರೊಳಗೆ ಹೋಗಿ. ಸಾಮಾನ್ಯವಾಗಿ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡುವು. ಅಂಗಡಿಯವರು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ತಂದ ಬಿಲ್ಲುಗಳನ್ನು ಬಿಡಿಸಿ ಕೂರುವ ಆ ಎರಡು ವಾರವೇ ಆ ವೃತ್ತಿಯ ನಿಜ ಮುಖ. ಸಿಎ ಕನಸಿದ್ದವರಿಗೂ ಇದೇ ಪರೀಕ್ಷೆ. ಬಿಕಾಂನಲ್ಲಿ ಶೇ 55 ಇದ್ದರೆ ಫೌಂಡೇಶನ್ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ (ಸಿಎ ಬಳಿ ಕಡ್ಡಾಯ ತರಬೇತಿ) ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ.

ಮೇಷ್ಟ್ರ ಕೆಲಸಕ್ಕೆ ಪಕ್ಕದ ಮನೆಯ ಏಳನೇ ತರಗತಿ ಮಕ್ಕಳು ನಾಲ್ಕು ಜನರನ್ನು ಸೇರಿಸಿ ಎರಡು ವಾರ ಗಣಿತ ಹೇಳಿಕೊಡಿ. ಭಿನ್ನರಾಶಿಯನ್ನು ಐದನೇ ಸಲ ವಿವರಿಸುವಾಗ ನಿಮಗೆ ಸಿಟ್ಟು ಬರುತ್ತದೋ ಕುತೂಹಲ ಹುಟ್ಟುತ್ತದೋ ಗಮನಿಸಿ. ಐಟಿ ಕಡೆ ಮನಸ್ಸಿದ್ದರೆ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಊರಿನ ಹಾಲಿನ ಡೇರಿಯ ಹದಿನೈದು ದಿನದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಹಾಕಿ, ಲೀಟರು, ಫ್ಯಾಟು, ದರ ಎಲ್ಲ ತಾನಾಗಿ ಕೂಡುವಂತೆ ಮಾಡಿ. ತಪ್ಪು ಎಲ್ಲಿದೆ ಎಂದು ರಾತ್ರಿ ಹನ್ನೊಂದರವರೆಗೆ ಹುಡುಕುವ ಹಟ ಬಂತೇ? ಬಂದರೆ ಮುಂದಕ್ಕೆ ಹೋಗಿ.

ಜೊತೆಗೆ ಒಂದೊಂದು ದಾರಿಯಲ್ಲೂ ಎರಡು-ಮೂರು ವರ್ಷದ ಹಿಂದೆ ಹೊರಟ ಒಬ್ಬರನ್ನು ಹಿಡಿದು ಮಾತಾಡಿಸಿ. ಸನ್ಮಾನ ಮಾಡಿಸಿಕೊಂಡ ಟಾಪರ್ ಬೇಡ, ನಡುದಾರಿಯಲ್ಲಿರುವವರು ಬೇಕು. ‘ಕೆಲಸ ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ‘ನಿನ್ನೆ ಬೆಳಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡಿದಿರಿ?’, ‘ನಿಮ್ಮ ಜೊತೆ ಸೇರಿದವರಲ್ಲಿ ಯಾರು ಬಿಟ್ಟರು, ಯಾಕೆ?’ ಈ ಎರಡನ್ನು ಕೇಳಿ.

ಹೆಜ್ಜೆ 5: ಸರ್ಕಾರಿ ಪರೀಕ್ಷೆಗೆ ಕೂರುವುದಾದರೆ ಏಳುವ ದಿನಾಂಕವನ್ನೂ ಬರೆದಿಡಿ

‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ವಿಧಾನಸೌಧದ ಮೇಲೆ ಕೆತ್ತಿದ್ದಾರೆ. ನಮ್ಮ ಮನೆಗಳಲ್ಲಿ ಅದನ್ನು ಸರ್ಕಾರಿ ಕೆಲಸವೇ ದೇವರು ಎಂದು ಓದಿಕೊಂಡಿದ್ದೇವೆ. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಒಂದು ಸಂಜೆ ಅಡ್ಡಾಡಿ ಬನ್ನಿ. ರೀಡಿಂಗ್ ರೂಮಿನ ಹೊರಗೆ ಸಾಲು ಚಪ್ಪಲಿ, ಒಳಗೆ ಹೆಸರು ಬರೆದಿಟ್ಟ ಕುರ್ಚಿ. ಆ ಕುರ್ಚಿಗಳಲ್ಲಿ ಆರು ವರ್ಷ ಕಳೆದವರೂ ಇದ್ದಾರೆ. ದಡ್ಡರಲ್ಲ ಅವರು. ಏಳುವ ದಿನವನ್ನು ಯಾರೂ ಗೊತ್ತು ಮಾಡಿಕೊಟ್ಟಿರಲಿಲ್ಲ.

ಮೊದಲ ಪರೀಕ್ಷೆ ಮನೆಯಲ್ಲೇ ಆಗಲಿ. ಕೆಎಎಸ್ ಪ್ರಿಲಿಮ್ಸ್‌ನ ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳಿ. ತಲಾ 200 ಅಂಕದ ಎರಡು ಪತ್ರಿಕೆ, ಒಂದೊಂದಕ್ಕೆ ಎರಡು ಗಂಟೆ. ಗಡಿಯಾರ ಇಟ್ಟು ಬರೆಯಿರಿ. ಬಂದ ಅಂಕಕ್ಕೆ ಬೆಲೆ ಕೊಡಬೇಡಿ, ಮೊದಲ ಸಲ ಎಲ್ಲರದ್ದೂ ಕೆಟ್ಟದ್ದೇ. ನೋಡಬೇಕಾದದ್ದು ಆಮೇಲಿನ ಹದಿನಾಲ್ಕು ದಿನ: ಯಾರೂ ಹೇಳದೆ ದಿನಕ್ಕೆ ನಾಲ್ಕು ಗಂಟೆ ಎಷ್ಟು ದಿನ ಕೂತಿರಿ? ಹತ್ತು ದಿನಕ್ಕಿಂತ ಕಡಿಮೆಯಾದರೆ ಕೋಚಿಂಗ್‌ಗೆ ದುಡ್ಡು ಕಟ್ಟಬೇಡಿ. ಕೋಚಿಂಗ್ ಸೆಂಟರ್ ಕೂರಿಸುವುದಿಲ್ಲ, ಕೂರುವವರಿಗೆ ಪಾಠ ಮಾಡುತ್ತದೆ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಉಚಿತ ತರಬೇತಿಗೆ ಅರ್ಹತೆ ಇದೆಯೇ ಎಂದು ಮೊದಲು ನೋಡಿ.

ನಿಮ್ಮ ಕೈಯಲ್ಲಿಲ್ಲದ ಕಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಪ್ರಾಮಾಣಿಕವಾಗಿ ಬರೆದು ಪಾಸಾಗಿದ್ದ ಹುಡುಗ ಏನೂ ತಪ್ಪು ಮಾಡದೆ ಎರಡೂಕಾಲು ವರ್ಷ ಕಳೆದುಕೊಂಡ. 384 ಗೆಜೆಟೆಡ್ ಪ್ರೊಬೇಷನರ್ (ಕೆಎಎಸ್) ಹುದ್ದೆಗಳ ಪ್ರಿಲಿಮ್ಸ್ 2024ರ ಆಗಸ್ಟ್ 27ಕ್ಕೆ ಆಗಿ, ಕನ್ನಡ ಅನುವಾದದ ತಪ್ಪುಗಳಿಂದ ಡಿಸೆಂಬರ್ 29ಕ್ಕೆ ಮತ್ತೆ ನಡೆಯಿತು. ಆಗಲೂ ಅನುವಾದದ ದೂರು ನಿಲ್ಲಲಿಲ್ಲ. ಕನ್ನಡದ ಅಭ್ಯರ್ಥಿಗೆ ಕನ್ನಡವೇ ಮುಳ್ಳಾದ ಕಥೆ ಇದು. ಸಿಟ್ಟು ಒಂದು ಕಡೆ ಇರಲಿ, ಪ್ರಶ್ನೆ ಗೊಂದಲ ಅನ್ನಿಸಿದರೆ ಪಕ್ಕದ ಇಂಗ್ಲಿಷ್ ರೂಪವನ್ನೂ ಓದುವ ಅಭ್ಯಾಸ ಇಟ್ಟುಕೊಳ್ಳಿ.

ಹಾಗಾಗಿ ನಿಮ್ಮ ಯೋಜನೆ ಒಂದು ವರ್ಷದ್ದಾದರೆ ಅದಕ್ಕೆ ಮತ್ತೊಂದು ವರ್ಷ ಸೇರಿಸಿ, ಆಮೇಲೆ ಹೆಜ್ಜೆ 1ರ ಸಂಖ್ಯೆಯೊಂದಿಗೆ ಹೋಲಿಸಿ. ಒಂದೇ ಹುದ್ದೆಗೆ ಅಂಟಿಕೊಳ್ಳಬೇಡಿ. ಕೆಎಎಸ್‌ಗೆ ಓದಿದ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ, ಪಿಎಸ್‌ಐಗೂ ಬಹುಪಾಲು ಆಗಿಬರುತ್ತದೆ. ನೋಟ್‌ಬುಕ್ಕಿನಲ್ಲಿ ಹೀಗೆ ಒಂದು ಸಾಲು ಬರೆದು ಅಪ್ಪನ ಕೈಲೂ ಸಹಿ ಹಾಕಿಸಿ: ‘ಎರಡು ಪ್ರಿಲಿಮ್ಸ್ ದಾಟದಿದ್ದರೆ, ಅಥವಾ ಇಂಥ ವರ್ಷದ ಇಂಥ ತಿಂಗಳು ಬಂದರೆ, ನಾನು ಎದ್ದು ಕೆಲಸಕ್ಕೆ ಸೇರುತ್ತೇನೆ.’ ತಮಾಷೆ ಅನ್ನಿಸಬಹುದು. ಮೂರನೇ ಸಲ ಫೇಲಾದ ರಾತ್ರಿ ಈ ಸಾಲು ಬಹಳ ಕೆಲಸ ಮಾಡುತ್ತದೆ.

ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಯನ್ನೂ ಈ ಲೆಕ್ಕದಲ್ಲಿ ಸೇರಿಸಬಹುದು. ಪದವಿ ಪಡೆದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಸಿಗುವುದಿಲ್ಲ. ಪುಸ್ತಕ, ಅರ್ಜಿ ಶುಲ್ಕ, ಬಸ್ಸಿಗೆ ಆದೀತು. ಅದನ್ನು ನಂಬಿ ಧಾರವಾಡದಲ್ಲಿ ರೂಮು ಮಾಡಬೇಡಿ.

ಹೆಜ್ಜೆ 6: ಖಾಸಗಿ ಆಫರ್ ಬಂದರೆ ಓದುವ ಬಗೆ

‘ಮೂರು ಲಕ್ಷ ಪ್ಯಾಕೇಜು’ ಎಂದರೆ ತಿಂಗಳಿಗೆ 25,000 ಎಂದು ಮನೆಯವರು ಭಾಗಿಸಿಬಿಡುತ್ತಾರೆ. ನಿಜವಾದ ಭಾಗಾಕಾರ ಹೀಗೆ: ಮೂಲ ವೇತನ ಅರ್ಧ, ಅಂದರೆ 12,500 ಎಂದುಕೊಳ್ಳಿ. ಅದರ ಶೇ 12, ಅಂದರೆ 1,500, ಕಂಪನಿಯ ಪಾಲಿನ ಪಿಎಫ್. ಗ್ರಾಚ್ಯುಟಿ ಹೆಸರಲ್ಲಿ ಇನ್ನೊಂದು 600. ಎರಡನ್ನೂ ಪ್ಯಾಕೇಜಿನೊಳಗೇ ಎಣಿಸಿರುತ್ತಾರೆ. ಉಳಿದ 22,900ರಲ್ಲಿ ನಿಮ್ಮ ಪಾಲಿನ ಪಿಎಫ್ 1,500 ಕಳೆದರೆ ಕೈಗೆ 21,400. ಪ್ಯಾಕೇಜಿನ ಶೇ 10 ‘ವೇರಿಯಬಲ್’ (ಕೆಲಸ ನೋಡಿ ಆಮೇಲೆ ಕೊಡುವ ಭಾಗ) ಎಂದಿದ್ದರೆ 19,000ದ ಒಳಗೆ ಇಳಿಯಿತು. ಬೆಂಗಳೂರಲ್ಲಿ ಊಟ ಸಹಿತ ಪಿಜಿಗೆ ಎಂಟು-ಹತ್ತು ಸಾವಿರ ಕೊಟ್ಟ ಮೇಲೆ ಉಳಿಯುವುದೆಷ್ಟು ನೋಡಿ, ಊರಲ್ಲೇ ಸಿಗುವ 14,000ದ ಕೆಲಸದೊಂದಿಗೆ ಹೋಲಿಸಿ. ಆದರೂ ಬೆಂಗಳೂರಿಗೆ ಹೋಗುವುದೇ ಸರಿ ಎನ್ನುವ ಸಂದರ್ಭಗಳಿವೆ. ಎರಡನೇ ಕೆಲಸ ಹುಡುಕುವಾಗ ಮೊದಲನೆಯದು ಎಲ್ಲಿ ಮಾಡಿದ್ದು ಎಂಬುದು ಲೆಕ್ಕಕ್ಕೆ ಬರುತ್ತದೆ.

ಮೂರು ವಿಷಯಕ್ಕೆ ರಾಜಿ ಬೇಡ. ಕೆಲಸ ಕೊಡಿಸಲು ದುಡ್ಡು ಕೇಳಿದರೆ, ಅದನ್ನು ‘ಟ್ರೈನಿಂಗ್ ಡೆಪಾಸಿಟ್’ ಎಂದರೂ, ಎದ್ದು ಬನ್ನಿ. ಮೂಲ ಅಂಕಪಟ್ಟಿ ಯಾರ ಕೈಗೂ ಬಿಟ್ಟುಬರಬೇಡಿ, ತೋರಿಸಿ ವಾಪಸ್ ತನ್ನಿ. ಬಾಂಡ್ ಇದ್ದರೆ ಎಷ್ಟು ತಿಂಗಳು, ಬಿಟ್ಟರೆ ಎಷ್ಟು ಕಟ್ಟಬೇಕು ಎಂಬ ಪುಟವನ್ನು ಸಹಿ ಹಾಕುವ ಮೊದಲು ಮನೆಗೆ ತಂದು ಓದಿ.

ಹೆಜ್ಜೆ 7: ಮನೆಯಲ್ಲಿ ಮಾತು

ಗಂಡುಮಕ್ಕಳಿಗೆ ತಿಂಗಳ ಲೆಕ್ಕ ದುಡ್ಡಿನದ್ದು. ಹೆಣ್ಣುಮಕ್ಕಳಿಗೆ ಬಹುಪಾಲು ಮನೆಗಳಲ್ಲಿ ಅದು ಗಂಡಿನ ಕಡೆಯವರು ನೋಡಲು ಬರುವ ದಿನದ್ದು. ಇದನ್ನು ಮುಚ್ಚಿಟ್ಟು ಮಾರ್ಗದರ್ಶನ ಬರೆದು ಪ್ರಯೋಜನವಿಲ್ಲ. ನಾನು ಕಂಡಂತೆ ವಾದ ಮಾಡಿ ಗೆದ್ದವರು ಕಡಿಮೆ, ಕಾಗದ ತೋರಿಸಿ ಗೆದ್ದವರು ಹೆಚ್ಚು. ‘ನಾನು ಏನಾದರೂ ಮಾಡ್ತೀನಿ’ ಎಂಬುದು ಅಪ್ಪನಿಗೆ ಕೇಳಿಸುವುದಿಲ್ಲ. ಅಪ್ರೆಂಟಿಸ್ ಆದೇಶ, ಪ್ರವೇಶದ ರಸೀದಿ, ಹಾಲ್ ಟಿಕೆಟ್, ಇವು ಕೇಳಿಸುತ್ತವೆ. ಇನ್ನೊಂದು ಮಾತು: 2023ರ ಜೂನ್‌ನಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ನಲವತ್ತು ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರದಲ್ಲಿ ಎಂಟು ಸಾವಿರದ ಕೆಲಸ ‘ಬಸ್ಸಿಗೇ ಹೋಗುತ್ತೆ’ ಎಂದು ಬಿಡುತ್ತಿದ್ದ ಕಾಲ ಹೋಯಿತು. ಹಾಸ್ಟೆಲ್ ಬೇಡ, ಸಂಜೆ ಮನೆಗೆ ಬರುತ್ತೇನೆ ಎಂಬುದು ಎಷ್ಟೋ ಅಪ್ಪಂದಿರ ಕೊನೆಯ ಆಕ್ಷೇಪಕ್ಕೆ ಉತ್ತರವಾಗಿದೆ.

ಹೆಜ್ಜೆ 8: ಆರು ತಿಂಗಳ ಮೇಲೆ ನೋಟ್‌ಬುಕ್ ತೆರೆಯಿರಿ

ಸೇರಿದ ಕೆಲಸ ಮೊದಲ ತಿಂಗಳು ಯಾರಿಗೂ ಹಿಡಿಸುವುದಿಲ್ಲ, ಆ ತಿಂಗಳು ಏನೂ ತೀರ್ಮಾನಿಸಬೇಡಿ. ಆರನೇ ತಿಂಗಳಿಗೆ ಮತ್ತೆ ಕೂತು, ಹೆಜ್ಜೆ 1ರ ಸಂಖ್ಯೆಯನ್ನು ಹೊಸದಾಗಿ ಬರೆಯಿರಿ. ಸಂಬಳ ಬರುತ್ತಿದ್ದರೆ ಅದು ದೊಡ್ಡದಾಗಿರುತ್ತದೆ, ಆಗ ಹಿಂದೆ ಹೊಡೆದುಹಾಕಿದ್ದ ದಾರಿಯೊಂದು ಮತ್ತೆ ತೆರೆದಿರಬಹುದು. ಬಿಡಬೇಕೆಂದರೆ ಬಿಡಿ, ಆದರೆ ಹೇಳದೆ ಓಡಿಬರಬೇಡಿ. ನೋಟಿಸ್ ಅವಧಿ ಮುಗಿಸಿ ರಿಲೀವಿಂಗ್ ಲೆಟರ್ ತನ್ನಿ. ಅಪ್ರೆಂಟಿಸ್ ಆಗಿದ್ದು ವರ್ಷ ಮುಗಿಯಲು ನಾಲ್ಕು ತಿಂಗಳು ಬಾಕಿ ಇದ್ದರೆ ಹಲ್ಲು ಕಚ್ಚಿ ಮುಗಿಸಿ, ಪ್ರಮಾಣಪತ್ರ ಕೊನೆಗೇ ಸಿಗುವುದು. ಪಿಎಫ್ ಹಣವನ್ನು ಬಿಡಿಸಿಕೊಳ್ಳಬೇಡಿ, ನಿಮ್ಮ ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಮುಂದಿನ ಕೆಲಸಕ್ಕೂ ಅದೇ, ಅಲ್ಲಿಗೆ ವರ್ಗಾಯಿಸಿಕೊಳ್ಳಿ. ಪಂಕ್ತಿಯಲ್ಲಿ ಸಿಗುವ ಅಂಕಲ್‌ಗೆ ‘ಇಂಥ ಕಡೆ ಸೇರಿದೀನಿ, ಮಾರ್ಚ್‌ವರೆಗೆ ನೋಡ್ತೀನಿ’ ಎಂದರೆ ಸಾಕು, ಅವರು ಪಾಯಸದ ಕಡೆ ತಿರುಗುತ್ತಾರೆ.